ಸೇತುವೆಯ ತೊಲೆ ಎಷ್ಟು ಸವೆದಿದೆ? ‘ಶಿಥಿಲ’ ಮತ್ತು ‘ತೃಪ್ತಿಕರ’ ಎಂಬ ಎರಡು ವರದಿಗಳ ನಡುವೆ

ಮುಂಗಾರು ಕಾಲಿಡುತ್ತಿದ್ದಂತೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಒಂದು ಬಗೆಯ ಸುದ್ದಿ ಮರುಕಳಿಸುತ್ತದೆ. ಹಳೆಯ ಸೇತುವೆ ಶಿಥಿಲವಾಗಿರುವುದರಿಂದ ಭಾರಿ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ ಎಂಬ ಆದೇಶ ಮೊದಲು ಬರುತ್ತದೆ. ಅದರ ಬೆನ್ನಿಗೇ, ಕಾಂಕ್ರೀಟಿನ ಗಟ್ಟಿತನವನ್ನು ಪರೀಕ್ಷಿಸಲಾಗಿದ್ದು ಫಲಿತಾಂಶ ತೃಪ್ತಿಕರವಾಗಿದೆ ಎಂಬ ಹೇಳಿಕೆ ಬರುತ್ತದೆ. ಲಾರಿ ಹೋಗಬಾರದೆಂದ ಅದೇ ಸೇತುವೆಯ ಮೇಲೆ ಮಕ್ಕಳು ತುಂಬಿದ ಶಾಲಾ ಬಸ್ಸು ಹೋಗುತ್ತಿರುತ್ತದೆ. ಇದರಲ್ಲಿ ಯಾವುದನ್ನು ನಂಬಬೇಕು ಎಂದು ಜನ ಕೇಳುವುದು ಸಹಜ.

ಈ ಪ್ರಶ್ನೆಗೆ ಈಗ ಹಿಂದಿಗಿಂತ ಹೆಚ್ಚಿನ ಕಳವಳ ಸೇರಿಕೊಂಡಿದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕುಳಿದರು. ಆ ಸೇತುವೆಗೆ ಆಗ ಸುಮಾರು ನಾಲ್ಕು ದಶಕಗಳ ವಯಸ್ಸು. 2025ರ ಜುಲೈ 9ರಂದು ಗುಜರಾತಿನ ಮಹಿಸಾಗರ ನದಿಯ ಗಂಭೀರಾ ಸೇತುವೆ ಕುಸಿದಾಗ ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು. ಅದು 1985ರದು. ಎರಡೂ ಬ್ರಿಟಿಷರ ಕಾಲದವಲ್ಲ; ನಮ್ಮ ಜಿಲ್ಲೆಗಳಲ್ಲಿ ಹೇಮಾವತಿ, ಯಗಚಿ, ತುಂಗಾ, ಭದ್ರಾ ನದಿಗಳ ಮೇಲೆ ಮತ್ತು ಅವುಗಳನ್ನು ಸೇರುವ ಹಳ್ಳಗಳ ಮೇಲೆ ನಿಂತಿರುವ ಅನೇಕ ಕಾಂಕ್ರೀಟ್ ಸೇತುವೆಗಳ ಓರಗೆಯವು.

ಮೇಲಿನ ಎರಡು ಹೇಳಿಕೆಗಳೂ ಒಂದೇ ಸೇತುವೆಯ ವಿಷಯದಲ್ಲಿ ಏಕಕಾಲಕ್ಕೆ ನಿಜವಾಗಿರಬಹುದು, ಏಕೆಂದರೆ ಅವು ಅಳೆದಿರುವ ವಸ್ತುಗಳೇ ಬೇರೆ. ಸೇತುವೆ ಗಟ್ಟಿಯೋ ಅಲ್ಲವೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ತೊಲೆಯ ಯಾವ ಭಾಗದಲ್ಲಿ ಎಷ್ಟು ಶಕ್ತಿ ಉಳಿದಿದೆ, ಅದು ಎಷ್ಟು ಭಾರಕ್ಕೆ ಸಾಕು ಎಂದು ಕೇಳಿದಾಗ ಮಾತ್ರ ಉತ್ತರದ ದಾರಿ ತೆರೆಯುತ್ತದೆ. ಮಲೆನಾಡಿನಲ್ಲಂತೂ ಹುಡುಕಬೇಕಾದ ಜಾಗ ಬಹುತೇಕ ಯಾರ ಕಣ್ಣಿಗೂ ಬೀಳದ ಕಡೆಯಲ್ಲಿದೆ: ತೊಲೆಯ ತುದಿಯಲ್ಲಿ, ತೊಲೆಗಳ ನಡುವೆ ಸಂದು ಬಿಟ್ಟ ಜಾಯಿಂಟಿನ ಕೆಳಗೆ.

ಕಲ್ಲಿನದು ನಿಂತಿದೆ, ಕಾಂಕ್ರೀಟಿನದು ಏಕೆ ಸೊರಗಿತು?

ನೂರು ವರ್ಷದ ಕಲ್ಲಿನ ಸೇತುವೆ ಇಂದಿಗೂ ಗಟ್ಟಿಯಾಗಿದೆ, ನಲವತ್ತು ವರ್ಷದ ಕಾಂಕ್ರೀಟ್ ಸೇತುವೆ ಉದುರುತ್ತಿದೆ, ಆದ್ದರಿಂದ ಕಾಮಗಾರಿಯೇ ಕಳಪೆ ಎಂಬ ಮಾತು ಊರೂರುಗಳಲ್ಲಿ ಕೇಳಿಬರುತ್ತದೆ. ಕಳಪೆ ಕಾಮಗಾರಿ ಇಲ್ಲವೆಂದಲ್ಲ, ಆದರೆ ಹೋಲಿಕೆಯೇ ಸರಿಯಾದುದಲ್ಲ. ಕಮಾನು ಸೇತುವೆಯಲ್ಲಿ ಒಂದು ಕಲ್ಲು ಇನ್ನೊಂದನ್ನು ಒತ್ತಿ ಹಿಡಿಯುತ್ತದೆ, ಮತ್ತು ಒತ್ತಡ ತಾಳುವುದು ಕಲ್ಲಿನ ಹುಟ್ಟುಗುಣ. ಅದರೊಳಗೆ ತುಕ್ಕು ಹಿಡಿಯುವಂಥ ಕಬ್ಬಿಣವಿಲ್ಲ. ಅಂಥ ಸೇತುವೆಗೂ ಅಪಾಯವುಂಟು. 2016ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಕಲ್ಲಿನ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆದರೆ ಅಲ್ಲಿನ ಅಪಾಯ ಮುಖ್ಯವಾಗಿ ನೀರಿನ ರಭಸದಿಂದ, ಬುಡದ ಕಡೆಯಿಂದ ಬರುವಂಥದು.

ಕಾಂಕ್ರೀಟ್ ತೊಲೆಯ ಕೆಲಸ ಬೇರೆ. ಮೇಲಿನ ಭಾರಕ್ಕೆ ತೊಲೆ ಬಾಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಎಳೆತವನ್ನು ಕಾಂಕ್ರೀಟ್ ತಾಳಲಾರದು. ಅದನ್ನು ಹೊರುವುದು ಒಳಗಿನ ಕಂಬಿ. ತೊಲೆಯ ಉದ್ದಕ್ಕೆ ಮಲಗಿಸಿದ ದಪ್ಪ ಕಂಬಿಗಳು ಬಾಗುವಿಕೆಯನ್ನು ತಡೆದರೆ, ಅವುಗಳನ್ನು ಸುತ್ತಿಕೊಂಡು ನಿಂತ ತೆಳುವಾದ ರಿಂಗುಗಳು ತೊಲೆ ಓರೆಯಾಗಿ ಸೀಳಿಹೋಗದಂತೆ ತಡೆಯುತ್ತವೆ. ಹಾಗಾಗಿ ತೊಲೆಯ ಆಯುಷ್ಯವೆಂದರೆ ಬಹುಮಟ್ಟಿಗೆ ಕಂಬಿಯ ಆಯುಷ್ಯ.

ಬೇಸಿಗೆಯ ಗಾಳಿ, ಮಳೆಗಾಲದ ನೀರು

ಹೊಸ ಕಾಂಕ್ರೀಟ್ ತೀಕ್ಷ್ಣ ಕ್ಷಾರಗುಣದ್ದು. ಅದರ ಪಿಎಚ್ 12.5ಕ್ಕಿಂತ ಹೆಚ್ಚಿರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ರಂಧ್ರಗಳ ಮೂಲಕ ನಿಧಾನವಾಗಿ ಒಳಸೇರಿ ಸುಣ್ಣದೊಡನೆ ಕೂಡಿದಾಗ ಕ್ಷಾರಗುಣ ಇಳಿಯುತ್ತದೆ. ಇದಕ್ಕೆ ಕಾರ್ಬೊನೇಷನ್ ಎನ್ನುತ್ತಾರೆ. ಅದು ಕಂಬಿಯನ್ನು ಮುಟ್ಟಿದ ದಿನ ಪೊರೆ ಕಳಚುತ್ತದೆ. ಅಲ್ಲಿಂದ ಮುಂದೆ ತುಕ್ಕು ಹಿಡಿಯಲು ತೇವ ಮತ್ತು ಗಾಳಿ ಎರಡಿದ್ದರೆ ಸಾಕು.

ಕಾರ್ಬೊನೇಷನ್ನಿನ ಆಳ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. 20 ವರ್ಷಗಳಲ್ಲಿ 20 ಮಿ.ಮೀ. ಒಳಸೇರಿದ್ದರೆ 40 ಮಿ.ಮೀ. ತಲುಪಲು 80 ವರ್ಷ ಬೇಕು. ಅಂದರೆ ಕಂಬಿಯ ಹೊರಗೆ ಕಾಂಕ್ರೀಟಿನ ಹೊದಿಕೆ 40 ಮಿ.ಮೀ. ಇದ್ದರೆ ಸೇತುವೆ ಮೊಮ್ಮಕ್ಕಳ ಕಾಲದವರೆಗೂ ನೆಮ್ಮದಿಯಾಗಿರುತ್ತದೆ. ಕಾಂಕ್ರೀಟ್ ಹಾಕುವ ದಿನ, ಕಂಬಿಯನ್ನು ಅಚ್ಚಿನಿಂದ ದೂರ ಹಿಡಿಯುವ ಕವರ್ ಬ್ಲಾಕ್ ಜಾರಿ ಹೊದಿಕೆ 20 ಮಿ.ಮೀ.ಗೆ ಇಳಿದಿದ್ದರೆ ಆಯುಷ್ಯ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಕುಸಿಯುತ್ತದೆ. ಒಂದೇ ಸೇತುವೆಯ ನಾಲ್ಕು ತೊಲೆಗಳಲ್ಲಿ ಮೂರು ಚೆನ್ನಾಗಿದ್ದು ಒಂದು ಮಾತ್ರ ಚಕ್ಕೆ ಉದುರಿಸಿಕೊಂಡು ನಿಂತಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ ಇರುತ್ತದೆ.

ಕಾಳಿ ಸೇತುವೆ ಅಳಿವೆಯ ಉಪ್ಪುಗಾಳಿಯಲ್ಲಿತ್ತು. ಹಾಸನ, ಚಿಕ್ಕಮಗಳೂರಿಗೆ ಆ ಉಪ್ಪಿನ ಕಾಟವಿಲ್ಲ. ಆದರೆ ನಮ್ಮ ಹವೆಗೆ ತನ್ನದೇ ಆದ ತೊಂದರೆಯಿದೆ. ಕಾಂಕ್ರೀಟಿನ ರಂಧ್ರಗಳು ನೀರಿನಿಂದ ತುಂಬಿದ್ದಾಗ ಕಾರ್ಬೊನೇಷನ್ ನಿಧಾನವಾಗುತ್ತದೆ, ಏಕೆಂದರೆ ಗಾಳಿಗೆ ಒಳಹೋಗಲು ದಾರಿಯಿರುವುದಿಲ್ಲ. ಸಾಧಾರಣ ಒಣಗಿದ್ದಾಗ ಅದು ಚುರುಕಾಗುತ್ತದೆ. ಕಂಬಿಗೆ ತುಕ್ಕು ಹಿಡಿಯುವುದಾದರೋ ತೇವವಿದ್ದಾಗ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ ಬೇಸಿಗೆಯ ಒಣಹವೆ ಒಂದು ಕೆಲಸ ಮಾಡಿಟ್ಟರೆ ನಾಲ್ಕು ತಿಂಗಳ ಜಡಿಮಳೆ ಇನ್ನೊಂದನ್ನು ಮುಗಿಸುತ್ತದೆ. ಅದೇ ಹಾಸನ ಜಿಲ್ಲೆಯ ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಒಂದೇ ವಯಸ್ಸಿನ, ಒಂದೇ ನಕ್ಷೆಯ ಸೇತುವೆ ಹೆಚ್ಚು ಕಾಲ ಚೊಕ್ಕಟವಾಗಿ ಉಳಿದರೆ ಅಚ್ಚರಿಯಿಲ್ಲ. ಇದಕ್ಕೆ ಕಂಬಿಯ ಜಾತಿಯೂ ಸೇರುತ್ತದೆ. ಈ ಸೇತುವೆಗಳನ್ನು ಕಟ್ಟಿದ ದಶಕಗಳಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ, ತಣ್ಣಗಿದ್ದಾಗಲೇ ತಿರುಚಿ ಬಲಪಡಿಸಿದ ಟಾರ್ ಕಂಬಿ ಸಾದಾ ಕಂಬಿಗಿಂತ ಬೇಗ ತುಕ್ಕಿಗೆ ಸಿಗುತ್ತದೆ.

ತುಕ್ಕು ಹಿಡಿದ ಕಬ್ಬಿಣ ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿದಾಗ ಹೊದಿಕೆ ಸೀಳುತ್ತದೆ, ಮಳೆನೀರಿಗೆ ನೇರ ದಾರಿಯಾಗುತ್ತದೆ, ತುಕ್ಕು ಮತ್ತೂ ವೇಗ ಪಡೆಯುತ್ತದೆ. ಮೊದಲ ಮೂವತ್ತು ವರ್ಷ ಏನೂ ಆಗದಂತೆ ಕಂಡ ತೊಲೆ ಮುಂದಿನ ಹತ್ತೇ ವರ್ಷದಲ್ಲಿ ಗುರುತು ಸಿಗದಂತೆ ಕೆಡುವುದು ಹೀಗೆ.

ತುದಿಯ ಮೂರು ಅಡಿ

ಸೇತುವೆಯ ಮೇಲೆ ಹೋಗುವಾಗ ಗಾಲಿಗೆ ‘ಟಕ್’ ಎಂದು ತಾಗುವ ಪಟ್ಟಿಯೇ ಎಕ್ಸ್‌ಪ್ಯಾನ್ಷನ್ ಜಾಯಿಂಟ್. ಬಿಸಿಲಿಗೆ ತೊಲೆ ಹಿಗ್ಗುತ್ತದೆ. 20 ಮೀಟರ್ ಉದ್ದದ ತೊಲೆ 20 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5 ಮಿ.ಮೀ. ಸರಿಯುತ್ತದೆ. ಆ ಸರಿದಾಟಕ್ಕಾಗಿ ಬಿಟ್ಟ ಸಂದಿನ ರಬ್ಬರು ಕೆಲವೇ ವರ್ಷಗಳಲ್ಲಿ ಹರಿಯುತ್ತದೆ, ಮೇಲೆ ಡಾಂಬರು ಎಳೆದು ಮುಚ್ಚಿದರೂ ಅದು ಮತ್ತೆ ಬಿರಿಯುತ್ತದೆ. ಆಮೇಲೆ ರಸ್ತೆಯ ನೀರೆಲ್ಲ ಆ ಸಂದಿನಿಂದ ನೇರವಾಗಿ ಇಳಿಯುವುದು ತೊಲೆಯ ತುದಿಗೆ, ಅದು ಕೂತಿರುವ ಬೇರಿಂಗಿಗೆ, ಬೇರಿಂಗ್ ಇರುವ ಕಂಬದ ತಲೆಗೆ. ಅಲ್ಲಿ ಮಣ್ಣು, ತೋಟದ ಬದಿಯಿಂದ ಹಾರಿಬಂದ ಸಿಲ್ವರ್ ಓಕ್ ಎಲೆ, ಹಕ್ಕಿ ಬೀಳಿಸಿದ ಬೀಜದಿಂದ ಎದ್ದ ಅರಳಿ ಸಸಿ ಎಲ್ಲ ಸೇರಿ ಒದ್ದೆ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತವೆ. ಮಳೆ ನಿಂತು ವಾರವಾದರೂ ಆ ಮೂಲೆ ಒಣಗಿರುವುದಿಲ್ಲ.

ತೊಲೆ ಓರೆಯಾಗಿ ಸೀಳುವ ಒತ್ತಡ ಅತಿ ಹೆಚ್ಚಿರುವುದೂ ಅದೇ ತುದಿಯಲ್ಲಿ. ಅದನ್ನು ತಡೆಯಬೇಕಾದ ರಿಂಗುಗಳು ದಪ್ಪ ಕಂಬಿಗಳ ಹೊರಗೆ ಸುತ್ತಿಕೊಂಡಿರುವುದರಿಂದ ಕಾರ್ಬೊನೇಷನ್ನಿಗೆ ಮೊದಲು ಸಿಗುತ್ತವೆ. ಸುತ್ತಲೂ 1 ಮಿ.ಮೀ. ತುಕ್ಕು ತಿಂದಿತೆಂದುಕೊಳ್ಳೋಣ. 25 ಮಿ.ಮೀ. ಕಂಬಿ 23ಕ್ಕೆ ಇಳಿದು ಸುಮಾರು ಶೇ 15ರಷ್ಟು ಅಡ್ಡಕೊಯ್ತವನ್ನು ಕಳೆದುಕೊಳ್ಳುತ್ತದೆ. 8 ಮಿ.ಮೀ. ರಿಂಗು 6ಕ್ಕೆ ಇಳಿದಾಗ ಹೋಗುವುದು ಶೇ 44. ಅದೇ ತುಕ್ಕು, ಅದೇ ವರ್ಷಗಳು, ನಷ್ಟ ಮಾತ್ರ ಮೂರು ಪಟ್ಟು.

ಬಾಗಿ ಸೋಲುವ ತೊಲೆ ಮುನ್ಸೂಚನೆ ಕೊಡುತ್ತದೆ: ಜೋತುಬೀಳುತ್ತದೆ, ಬಿರುಕು ಅಗಲವಾಗುತ್ತದೆ. ಸೀಳಿ ಸೋಲುವ ತೊಲೆ ಅಷ್ಟು ಹೊತ್ತು ಕೊಡುವುದಿಲ್ಲ. 2006ರ ಸೆಪ್ಟೆಂಬರ್ 30ರಂದು ಕೆನಡಾದ ಲವಾಲ್ ನಗರದಲ್ಲಿ ಕಾಂಕಾರ್ಡ್ ಮೇಲ್ಸೇತುವೆಯಿಂದ ಕಾಂಕ್ರೀಟ್ ತುಂಡುಗಳು ಬಿದ್ದಿವೆಯೆಂದು ದೂರು ಬಂದಾಗ ಸಿಬ್ಬಂದಿ ಹೋಗಿ ತುಂಡುಗಳನ್ನು ತೆಗೆದು, ಪರಿಶೀಲನೆಗೆ ಬರೆದು ಹಿಂತಿರುಗಿದರು. ಸುಮಾರು ಒಂದು ಗಂಟೆಯೊಳಗೆ ಆಧಾರದ ಬಳಿಯೇ ಸೀಳಿ ಸೇತುವೆ ಬಿತ್ತು, ಐವರು ತೀರಿಕೊಂಡರು. ಗಂಭೀರಾ ಸೇತುವೆಯ ವಿಷಯದಲ್ಲೂ ಗುಜರಾತ್ ಸರ್ಕಾರ ಪ್ರಾಥಮಿಕವಾಗಿ ಹೇಳಿದ ಕಾರಣ ತೊಲೆ ಕೂರುವ ಪೀಠ ಮತ್ತು ಸಂಧಿಭಾಗ ನಜ್ಜಾದದ್ದು. ಎರಡು ಕಡೆಯೂ ಪೆಟ್ಟು ಬಿದ್ದದ್ದು ನಡುವಿಗಲ್ಲ, ಕೂಡುವ ಜಾಗಕ್ಕೆ.

ಬಿರುಕು ಏನು ಹೇಳುತ್ತದೆ?

ಬಿರುಕಿನ ಉದ್ದಗಲಕ್ಕಿಂತ ಅದರ ದಿಕ್ಕು ಮತ್ತು ಜಾಗ ಮುಖ್ಯ. ತೊಲೆಯ ನಟ್ಟನಡುವೆ, ಕೆಳಗಿನಿಂದ ಮೇಲಕ್ಕೆ ಕೂದಲೆಳೆಯಂತೆ ಹೋದ ಬಿರುಕುಗಳು ಬಾಗುವಿಕೆಯಿಂದ ಬಂದವು, 0.3 ಮಿ.ಮೀ. ಒಳಗಿದ್ದರೆ ಸಾಮಾನ್ಯ ವಾತಾವರಣದಲ್ಲಿ ಅವನ್ನು ಸಹಿಸಬಹುದೆಂದೇ ವಿನ್ಯಾಸದ ನಿಯಮಗಳು ಒಪ್ಪುತ್ತವೆ. ತಳದಲ್ಲಿ ಕಂಬಿಯ ಗುಂಟವೇ ಉದ್ದಕ್ಕೆ ಸಾಗಿ ಕಂದು ಕಲೆ ಇಳಿಸಿದ ಬಿರುಕು ತುಕ್ಕಿನದು. ಸ್ಲ್ಯಾಬಿನ ಅಡಿಯಲ್ಲಿ ಬಿಳಿಯ ಸುಣ್ಣ ಜಿನುಗಿ ಜೋತಿದ್ದರೆ ನೀರು ಕಾಂಕ್ರೀಟನ್ನು ತೂರಿ ಹೋಗುತ್ತಿದೆ ಎಂದರ್ಥ. ತುದಿಯ ಬಳಿ ಓರೆಯಾಗಿ ಏರಿದ ಬಿರುಕು ಕಂಡರೆ ಅದು ಸಣ್ಣದಿದ್ದರೂ ಅದೇ ದಿನ ಎಂಜಿನಿಯರ ಗಮನಕ್ಕೆ ತರಬೇಕಾದದ್ದು. ಸಿಮೆಂಟು ಸವರಿ ಮುಚ್ಚಿದ ಬಿರುಕು ಯಾರಿಗೂ ಏನೂ ಹೇಳುವುದಿಲ್ಲ. ಅದರಿಂದ ಆಗುವ ಹಾನಿ ಅದೇ. ತುಕ್ಕನ್ನು ಪೂರ್ತಿ ಕೆರೆದು ಕಂಬಿಯ ಹಿಂದಿನವರೆಗೂ ಹಳೆಯ ಕಾಂಕ್ರೀಟ್ ತೆಗೆಯದೆ ಹಾಕಿದ ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಶುರುವಾಗುವುದೂ ಉಂಟು.

ಪ್ರಿಸ್ಟ್ರೆಸ್ಡ್ ತೊಲೆಗಳಲ್ಲಿ, ಅಂದರೆ ಉಕ್ಕಿನ ಹುರಿಗಳನ್ನು ಎಳೆದು ಬಿಗಿದು ಕಟ್ಟಿದ ತೊಲೆಗಳಲ್ಲಿ, ಈ ಓದಿಗೆ ಮಿತಿಯಿದೆ. ಹುರಿ ಇರುವ ಕೊಳವೆಯಲ್ಲಿ ಗ್ರೌಟು, ಅಂದರೆ ಸಿಮೆಂಟಿನ ಗಂಜಿ, ಸರಿಯಾಗಿ ತುಂಬಿರದಿದ್ದರೆ ಹೊರಗೆ ಕಲೆಯೂ ಕಾಣದೆ ಒಳಗೆ ಹುರಿ ತುಂಡಾಗಬಹುದು. 1985ರಲ್ಲಿ ವೇಲ್ಸ್‌ನ ಅನಿಸ್-ಇ-ಗ್ವಾಸ್ ಸೇತುವೆ ಹೀಗೆ ಯಾವ ಸುಳಿವೂ ಇಲ್ಲದೆ ಬಿತ್ತು. ನಮ್ಮಲ್ಲಿ ಸಣ್ಣ ಹಳ್ಳಗಳ ಹಳೆಯ ಸೇತುವೆಗಳು ಹೆಚ್ಚಾಗಿ ಹುರಿ ಬಿಗಿಯದ, ಬರೀ ಕಂಬಿಯವು, ದೊಡ್ಡ ಅಂತರದವುಗಳಲ್ಲಿ ಪ್ರಿಸ್ಟ್ರೆಸ್ಡ್ ಸಿಗುತ್ತವೆ. ವರದಿಯಲ್ಲಿ ಮೊದಲು ನೋಡಬೇಕಾದದ್ದು ಇದು ಯಾವ ಬಗೆ ಎಂಬುದನ್ನು.

ಪರೀಕ್ಷೆಗಳು ಬೇರೆ ಬೇರೆ ಮಾತಾಡುವುದೇಕೆ?

ಪತ್ರಿಕೆಗಳಲ್ಲಿ ‘ಗಟ್ಟಿತನ ಪರೀಕ್ಷೆ’ ಎಂದು ಬರುವುದು ಬಹುತೇಕ ರೀಬೌಂಡ್ ಹ್ಯಾಮರ್. ಸ್ಪ್ರಿಂಗಿನ ಸುತ್ತಿಗೆ ಮೇಲ್ಮೈಗೆ ಬಡಿದು ಎಷ್ಟು ಪುಟಿಯಿತೆಂದು ನೋಡುವ ಈ ವಿಧಾನ ಅಗ್ಗವಾದದ್ದು, ಬೇಗ ಮುಗಿಯುವಂಥದು. ಆದರೆ ಕಾರ್ಬೊನೇಷನ್ ಆದ ಮೇಲ್ಮೈ ಇನ್ನಷ್ಟು ಗಡುಸಾಗುತ್ತದೆ. ಕಂಬಿಗೆ ಕುತ್ತು ತಂದ ಅದೇ ಬದಲಾವಣೆ ಸುತ್ತಿಗೆಯ ಅಂಕವನ್ನು ಏರಿಸುತ್ತದೆ. ಹಳೆಯ ಸೇತುವೆಯಲ್ಲಿ ಇದೊಂದನ್ನೇ ನಂಬಿ ‘ತೃಪ್ತಿಕರ’ ಎಂದು ಬರೆಯುವುದು ತಪ್ಪು ದಾರಿಗೆ ಎಳೆಯುತ್ತದೆ. ಕಾಂಕ್ರೀಟಿನ ನಿಜವಾದ ಬಲ ತಿಳಿಯಲು ಸಿಲಿಂಡರಿನಾಕಾರದ ತುಂಡು ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಒಡೆಯಬೇಕು. ಅದೇ ತುಂಡಿನ ಹೊಸ ಒಡಕಿನ ಮೇಲೆ ಫಿನಾಲ್ಫ್ತಲೀನ್ ಎರಚಿದರೆ ಕ್ಷಾರ ಉಳಿದಿರುವ ಕಡೆ ಗುಲಾಬಿ ಬಣ್ಣ ಏರುತ್ತದೆ, ಹೋದ ಕಡೆ ಬೂದುಬಣ್ಣವೇ ಉಳಿಯುತ್ತದೆ. ಆ ಎರಡು ಬಣ್ಣಗಳ ಗಡಿ ಕಂಬಿಯನ್ನು ದಾಟಿದೆಯೇ ಎಂಬುದನ್ನು ಅಳತೆಪಟ್ಟಿಯಲ್ಲಿ ನೋಡಬಹುದು. ಇಷ್ಟು ಸರಳವಾಗಿ ಇಷ್ಟು ಮುಖ್ಯವಾದ ಮಾತು ಹೇಳುವ ಪರೀಕ್ಷೆ ಇನ್ನೊಂದಿಲ್ಲ.

ಅಲ್ಟ್ರಾಸಾನಿಕ್ ಅಲೆಗಳು ಒಳಗಿನ ಟೊಳ್ಳು ಮತ್ತು ಜೇನುಗೂಡಿನಂಥ ತೂತುಗಳನ್ನು ತೋರಿಸುತ್ತವೆ, ಕಂಬಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಹಾಫ್ ಸೆಲ್ ಪರೀಕ್ಷೆಯಲ್ಲಿ ತಾಮ್ರ–ತಾಮ್ರದ ಸಲ್ಫೇಟ್ ವಿದ್ಯುದಗ್ರದಿಂದ ಮೇಲ್ಮೈಯ ವೋಲ್ಟೇಜ್ ಅಳೆಯುತ್ತಾರೆ: ಓದು ಮೈನಸ್ 350 ಮಿಲಿವೋಲ್ಟ್ ದಾಟಿ ಇನ್ನೂ ಕೆಳಗಿದ್ದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಂಭವ ಶೇ 90ಕ್ಕಿಂತ ಹೆಚ್ಚು, ಮೈನಸ್ 200ರವರೆಗೂ ಇಳಿಯದಿದ್ದರೆ ತುಕ್ಕಿಲ್ಲದ ಸಂಭವ ಅಷ್ಟೇ. ನಡುವಿನದು ಅನಿಶ್ಚಿತ. ಇದು ಇಂದು ತುಕ್ಕು ನಡೆಯುತ್ತಿದೆಯೇ ಎಂಬುದರ ಸೂಚನೆ. ಇಲ್ಲಿಯವರೆಗೆ ಎಷ್ಟು ಕಂಬಿ ಹೋಗಿದೆ ಎಂಬುದರ ಲೆಕ್ಕವಲ್ಲ. ಆ ಲೆಕ್ಕಕ್ಕೆ ಕೆಲವು ಕಡೆಯಾದರೂ ಹೊದಿಕೆ ಬಿಡಿಸಿ, ತುಕ್ಕು ತಿಕ್ಕಿ, ಕ್ಯಾಲಿಪರ್ ಹಿಡಿದು ಕಂಬಿಯ ಉಳಿದ ದಪ್ಪ ಅಳೆಯಲೇಬೇಕು.

ಕೊನೆಯದು ಭಾರ ಪರೀಕ್ಷೆ. ರಸ್ತೆ, ಸೇತುವೆಗಳ ನಿಯಮ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ನಿಗದಿತ ಭಾರವನ್ನು 24 ಗಂಟೆ ಇರಿಸಿ, ಇಳಿಸಿದ 24 ಗಂಟೆಗಳಲ್ಲಿ ಬಾಗು ಎಷ್ಟು ಮರಳಿತೆಂದು ನೋಡುತ್ತಾರೆ. ಬರೀ ಕಂಬಿಯ ತೊಲೆಯಲ್ಲಿ ಶೇ 75, ಪ್ರಿಸ್ಟ್ರೆಸ್ಡ್‌ನಲ್ಲಿ ಶೇ 85 ಮರಳಬೇಕು. ಜನರಿಗೆ ಅತ್ಯಂತ ಮನವರಿಕೆಯಾಗುವ ಪರೀಕ್ಷೆ ಇದೇ. ಆದರೂ ಬಾಗನ್ನು ಅಳೆಯುವ ಈ ಪರೀಕ್ಷೆ ತುದಿಯ ಸೀಳಿನ ಶಕ್ತಿ ಎಷ್ಟು ಉಳಿದಿದೆಯೆಂದು ಬಿಡಿಸಿ ಹೇಳುವುದಿಲ್ಲ, ಮತ್ತು ಅದು ಆ ದಿನದ ಮಾತು, ಐದು ಮಳೆಗಾಲದ ನಂತರದ್ದಲ್ಲ.

ಲಾರಿ ಬೇಡ, ಬಸ್ಸು ಸರಿ: ಇದರ ಲೆಕ್ಕ

ಒಂದು ತೊಲೆಯ ಶಕ್ತಿ 100 ಎಂದಿಟ್ಟುಕೊಳ್ಳೋಣ. ತನ್ನದೇ ತೂಕಕ್ಕೆ ಮತ್ತು ಮೇಲಿನ ಸ್ಲ್ಯಾಬಿಗೆ 45 ಹೋಗುತ್ತದೆ, ವಾಹನಗಳಿಗೆ 30, ಉಳಿದ 25 ಸುರಕ್ಷತೆಯ ಮೀಸಲು. ತುಕ್ಕಿನಿಂದ ಶಕ್ತಿ ಶೇ 20ರಷ್ಟು ಇಳಿದರೆ ತೊಲೆಯ ಸ್ವಂತ ತೂಕವೇನೂ ಕಡಿಮೆಯಾಗುವುದಿಲ್ಲ. ಇಡೀ ನಷ್ಟ ಮೀಸಲಿನ ಮೇಲೇ ಬಿದ್ದು 25 ಇದ್ದದ್ದು 5ಕ್ಕೆ ಇಳಿಯುತ್ತದೆ. ಸೇತುವೆ ಎಂದಿನಂತೆಯೇ ಭಾರ ಹೊರುತ್ತಿರುತ್ತದೆ, ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ವಾಹನದ ಭಾರವನ್ನು 30ರಿಂದ 15ಕ್ಕೆ ಇಳಿಸಿದರೆ ಮೀಸಲು ಮತ್ತೆ 20 ಆಗುತ್ತದೆ. ತುಂಬಿದ ಎರಡು ಆಕ್ಸಲಿನ ಬಸ್ಸು ಸುಮಾರು 16 ಟನ್, ಹತ್ತು ಚಕ್ರದ ಲಾರಿ 28.5 ಟನ್. ಬಸ್ಸು ಬಿಟ್ಟು ಲಾರಿ ತಡೆಯುವ ಆದೇಶದ ಹಿಂದೆ ಇರುವ ತರ್ಕ ಇದು. ತರ್ಕ ಸರಿ, ಆದರೆ ನಿಜವಾದ ಅಂಕಿಗಳನ್ನು ಅಳೆದು ಆ ಲೆಕ್ಕ ಮಾಡಿದ್ದಾರೆಯೇ, ಇಲ್ಲ ಅಂದಾಜಿನಲ್ಲಿ ಬರೆದಿದ್ದಾರೆಯೇ ಎಂಬುದು ಆದೇಶದಲ್ಲಿ ಕಾಣಬೇಕು.

ಈ ಮೀಸಲನ್ನು ತುಕ್ಕಿನ ಜೊತೆಗೆ ಇನ್ನೆರಡು ಸಂಗತಿಗಳು ಕಡಿಯುತ್ತಿವೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಅನುಮತಿಸಿದ ಭಾರವನ್ನು ಏರಿಸಿತು. ನಾಲ್ಕು ಟಯರಿನ ಒಂದು ಆಕ್ಸಲಿಗೆ 10.2 ಟನ್ ಇದ್ದದ್ದು 11.5 ಆಯಿತು, ಹತ್ತು ಚಕ್ರದ ಲಾರಿಯ ಒಟ್ಟು ತೂಕ 25ರಿಂದ 28.5ಕ್ಕೆ ಹೋಯಿತು. ಇನ್ನೊಂದು ಡಾಂಬರು. ಹಳೆಯದನ್ನು ಕೆರೆಯದೆ ಪದರದ ಮೇಲೆ ಪದರ ಹಾಕುತ್ತ ಬಂದು 75 ಮಿ.ಮೀ. ಹೆಚ್ಚಾಗಿದ್ದರೆ, 7.5 ಮೀಟರ್ ಅಗಲ, 20 ಮೀಟರ್ ಉದ್ದದ ಒಂದು ಅಂಕಣದ (ಎರಡು ಕಂಬಗಳ ನಡುವಿನ ಭಾಗದ) ಮೇಲೆ ಸುಮಾರು 26 ಟನ್ ಬಂದು ಕೂರುತ್ತದೆ. ಒಂದು ತುಂಬಿದ ಲಾರಿ ಹಗಲಿರುಳು ಅಲ್ಲೇ ನಿಂತಂತೆ.

ಯಾರ ವಾದ ಏನು?

ಬೆಳೆಗಾರರು, ಲಾರಿ ಮಾಲೀಕರು, ಊರವರು ಹೇಳುವುದರಲ್ಲಿ ಹುರುಳಿದೆ. ಕಾಫಿ, ಮೆಣಸು, ಗೊಬ್ಬರ, ಮರಮುಟ್ಟು ಎಲ್ಲಕ್ಕೂ ಆ ಒಂದೇ ದಾರಿ. ಸುತ್ತುಬಳಸಿ ಹೋದರೆ ಬಾಡಿಗೆ ಏರುತ್ತದೆ, ಆಂಬುಲೆನ್ಸ್ ತಡವಾಗುತ್ತದೆ. ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿದಾಗಲೆಲ್ಲ ಒಂದು ಸೇತುವೆ ಇಲ್ಲವಾದರೆ ಬದುಕು ಹೇಗಾಗುತ್ತದೆಂದು ಅಲ್ಲಿಯವರು ಕಂಡಿದ್ದಾರೆ. ಕಾರಣ ಹೇಳದ, ಅವಧಿ ಹೇಳದ ನಿಷೇಧವನ್ನು ಅವರು ಅನುಮಾನಿಸಿದರೆ ತಪ್ಪೇನಿಲ್ಲ.

ಎಂಜಿನಿಯರುಗಳ ಕಷ್ಟವೂ ನಿಜ. ರಾಷ್ಟ್ರೀಯ ಹೆದ್ದಾರಿ ಒಬ್ಬರದು, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು, ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳಿಗೆ 2016ರಿಂದ ಕೇಂದ್ರದ ಸೇತುವೆ ನಿರ್ವಹಣಾ ದಾಖಲೆ ವ್ಯವಸ್ಥೆಯಿದೆ. ಒಳರಸ್ತೆಯ ಹಳೆಯ ಸೇತುವೆಯ ಮೂಲ ನಕ್ಷೆಯೇ ಸಿಗದಿದ್ದರೆ ಒಳಗೆ ಎಷ್ಟು ಕಂಬಿ ಇದೆಯೆಂದು ಸ್ಕ್ಯಾನರಿನಲ್ಲಿ ಹುಡುಕಿಯೇ ಲೆಕ್ಕ ಶುರುಮಾಡಬೇಕು. ಇದಕ್ಕೆ ಹಣವೂ ಬೇಕು, ತೊಲೆಯ ಅಡಿಗೆ ತಲುಪುವ ಅಟ್ಟಣಿಗೆಯೂ ಬೇಕು.

ಮೂರನೆಯ ವಾದ, ಹಳೆಯದನ್ನೆಲ್ಲ ಕೆಡವಿ ಹೊಸದು ಕಟ್ಟಿ ಎಂಬುದು. ಕೆಲವಕ್ಕೆ ಅದೇ ಸರಿ. ಆದರೆ ಜಾಯಿಂಟಿನ ರಬ್ಬರು ಬದಲಿಸಿ, ನೀರು ಹೊರಹಾಕುವ ಕೊಳವೆಗಳನ್ನು ಬಿಡಿಸಿ, ಕಂಬದ ತಲೆಯ ಮಣ್ಣು ತೆಗೆದು, ಹೆಚ್ಚುವರಿ ಡಾಂಬರು ಕೆರೆದರೆ ಹೊಸ ಸೇತುವೆಯ ವೆಚ್ಚದ ಸಣ್ಣದೊಂದು ಪಾಲಿನಲ್ಲಿ ಎಷ್ಟೋ ಸೇತುವೆಗಳ ಆಯುಷ್ಯ ಬೆಳೆಯುತ್ತದೆ. ಹೊಸ ಸೇತುವೆಗೆ ಶಂಕುಸ್ಥಾಪನೆಯಿದೆ. ಕೊಳವೆ ಬಿಡಿಸುವ ಕೆಲಸಕ್ಕೆ ಟೆಂಡರು ಕರೆಯುವುದೂ ಅಪರೂಪ. ಈ ಕೆಲಸ ನಡೆಯದಿದ್ದರೆ ಹೊಸದಾಗಿ ಕಟ್ಟಿದ ಸೇತುವೆಯ ತೊಲೆಯ ತುದಿಯೂ ಅದೇ ದಾರಿ ಹಿಡಿಯುತ್ತದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಮುಂದೆ ಏನಾಗಬಹುದು?

ನಿಷೇಧ ಒಂದು ಸೇತುವೆಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಾಗ ಚಾರ್ಮಾಡಿ, ಸಂಪಾಜೆ ಕಡೆಗೆ ವಾಹನ ತಿರುಗಿದಂತೆ, ಇಲ್ಲಿ ತಡೆದ ಲಾರಿ ಇನ್ನೊಂದು ಒಳರಸ್ತೆ ಹಿಡಿಯುತ್ತದೆ, ಅಲ್ಲಿಯ ಸೇತುವೆ ಇದರಷ್ಟೇ ಹಳೆಯದಾಗಿರಬಹುದು. ಬದಲಿ ದಾರಿಯ ಸೇತುವೆಗಳನ್ನು ನೋಡದೆ ಹೊರಡಿಸಿದ ಆದೇಶ ಅಪಾಯವನ್ನು ನಾಲ್ಕು ಮೈಲಿ ಆಚೆಗೆ ಸಾಗಿಸಿದಂತೆ. ಫಲಕ ಮಾತ್ರ ಹಾಕಿ ಬಿಟ್ಟರೆ ರಾತ್ರಿ ಲಾರಿಗಳು ಹೋಗಿಯೇ ಹೋಗುತ್ತವೆ. ಎತ್ತರ ತಡೆಯುವ ಕಬ್ಬಿಣದ ಕಮಾನು ನಿಲ್ಲಿಸಿದರೆ ಬಸ್ಸು ಮತ್ತು ಅಗ್ನಿಶಾಮಕ ವಾಹನವೂ ನಿಲ್ಲುತ್ತವೆ. ಯಾವುದನ್ನು ಆರಿಸಿದರೂ ಅದರ ಬೆಲೆಯನ್ನು ಮೊದಲೇ ಊರಿಗೆ ಹೇಳಿರಬೇಕು.

ಇವೆಲ್ಲದರಲ್ಲಿ ಕೂಡಲೇ ತಿದ್ದಿಕೊಳ್ಳಬಹುದಾದದ್ದು ತಪಾಸಣೆಯ ಕಾಲ. ಈಗ ಬಹುಪಾಲು ಪರಿಶೀಲನೆಗೆ ಆದೇಶ ಬರುವುದು ಜೂನ್ ಕಳೆದ ಮೇಲೆ, ಎಲ್ಲೋ ಒಂದು ಸೇತುವೆ ಬಿದ್ದ ಮರುವಾರ. ಆ ಹೊತ್ತಿಗೆ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿರುತ್ತದೆ, ತೊಲೆಯ ಅಡಿಗೆ ಅಟ್ಟಣಿಗೆ ಕಟ್ಟಲಾಗದು, ದಡದಿಂದ ನೋಡಿ ಫೋಟೊ ತೆಗೆದು ಬರುವುದಷ್ಟೇ ಸಾಧ್ಯ. ಅಕ್ಟೋಬರ್‌ನಲ್ಲಿ ಮಳೆ ಬಿಡುತ್ತಿದ್ದಂತೆ ಹೋದರೆ ನೀರು ಎಲ್ಲೆಲ್ಲಿ ಜಿನುಗಿದೆಯೆಂಬ ಕಲೆ ಇನ್ನೂ ಹಸಿಯಾಗಿರುತ್ತದೆ, ಕಾಂಕ್ರೀಟಿನಲ್ಲಿ ಹಾಫ್ ಸೆಲ್ ಪರೀಕ್ಷೆಗೆ ಬೇಕಾದ ತೇವವಿರುತ್ತದೆ. ಜನವರಿ, ಫೆಬ್ರುವರಿಯಲ್ಲಿ ಹೊಳೆ ಇಳಿದು ಕಲ್ಲು ಕಾಣುವಾಗ ಕಂಬಿ ಬಿಡಿಸಿ ಅಳೆಯಬಹುದು, ಭಾರ ಪರೀಕ್ಷೆ ಮಾಡಬಹುದು. ಮಾರ್ಚ್ ಕೊನೆಗೆ ಲೆಕ್ಕ ಕೈಗೆ ಬಂದರೆ ಜಾಯಿಂಟು, ಬೇರಿಂಗು, ತುದಿಯ ದುರಸ್ತಿಗೆ ಏಪ್ರಿಲ್, ಮೇ ಎರಡು ತಿಂಗಳು ಸಿಗುತ್ತವೆ.